ನಮ್ಮ ಹೆಸರಿನ ಅಸಲು ಯಾವುದು?

ನಮ್ಮ ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿಯ ಹೆಸರು ಎಷ್ಟು ಕಡೆ ಬರೆದಿರುತ್ತದೆ? ನಾನು ಎಣಿಸಿದೆ. ದಾಖಲಾತಿ ರಿಜಿಸ್ಟರ್, ಹಾಜರಿ ಪುಸ್ತಕ, ಫೀ ರಸೀದಿ, ಲೈಬ್ರರಿ ಕಾರ್ಡು, ಹಾಸ್ಟೆಲ್ ಪಟ್ಟಿ, ಸ್ಕಾಲರ್‌ಶಿಪ್ ಪಟ್ಟಿ, ಬೋರ್ಡಿಗೆ ಕಳಿಸುವ ಪರೀಕ್ಷಾ ನೋಂದಣಿ. ಒಟ್ಟು ಏಳು. ಏಳನ್ನೂ ಬೇರೆ ಬೇರೆ ಕೈಗಳು ಬರೆಯುತ್ತವೆ. ಒಂದರಲ್ಲಿ ತಿದ್ದಿದ್ದು ಇನ್ನೊಂದಕ್ಕೆ ಹೋಗಿ ಮುಟ್ಟುತ್ತದೆ ಎಂಬ ಭರವಸೆ ಇಲ್ಲ. ಇವುಗಳಲ್ಲಿ ಅಸಲು ಯಾವುದು ಎಂದು ಮೂವರನ್ನು ಕೇಳಿದೆ, ಮೂರು ಉತ್ತರ ಬಂತು. ಒಬ್ಬರು ದಾಖಲಾತಿ ರಿಜಿಸ್ಟರ್ ಅಂದರು. ಇನ್ನೊಬ್ಬರು ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಂದರು. ಮೂರನೆಯವರು ನಕ್ಕು, "ಆಧಾರ್‌ನ್ಯಾಗ ಏನೈತೋ ಅದೇ ಅಸಲು" ಅಂದರು.

ಅಸಲು ಒಂದೇ ಇರಬೇಕು, ಉಳಿದ ಆರೂ ಅದರ ನಕಲು ಎಂದು ಎಲ್ಲರೂ ಒಪ್ಪಿಕೊಂಡಿರಬೇಕು ಎಂಬುದು ನನ್ನ ವಾದ. ಇದು ನನಗೆ ಹೊಳೆದದ್ದು ಹಳೆಯದೊಂದು ಕಂಪ್ಯೂಟರ್ ಕಮಾಂಡ್‌ನಿಂದ. ಅದರ ಹೆಸರು ವೈಪಿಎಕ್ಸ್‌ಎಫ್‌ಆರ್. ಬಾಯಿಗೆ ಬರುವ ಹೆಸರಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಬೇಕು.

ಸಿಇಬಿಎ ತೆಗೆದುಕೊಂಡ ನಮಗೆ ಕಂಪ್ಯೂಟರ್ ಸೈನ್ಸ್ ಒಂದು ವಿಷಯ. ಪಠ್ಯದಲ್ಲಿ ನೆಟ್‌ವರ್ಕ್ ಪಾಠ ಇದೆ, ಈ ಕಮಾಂಡ್ ಇಲ್ಲ. ಕಲಬುರಗಿಯಲ್ಲಿ ಡಿಪ್ಲೊಮಾ ಓದುವ ನಮ್ಮ ಖಾಲಾನ ಮಗ ಭಾಯಿಜಾನ್ ಬೇಸಿಗೆ ರಜೆಯಲ್ಲಿ ಮೂರು ಹಳೇ ಕಂಪ್ಯೂಟರ್ ತಂದು ಮನೆಯಲ್ಲಿ ಲಿನಕ್ಸ್ ಹಾಕಿ ಒಂದಕ್ಕೊಂದು ಜೋಡಿಸಿದರು. ಯಾವ ಕಂಪ್ಯೂಟರ್ ಮುಂದೆ ಕುಳಿತರೂ ಅದೇ ಹೆಸರು, ಅದೇ ಪಾಸ್‌ವರ್ಡ್ ನಡೆಯಬೇಕು ಎಂಬುದು ಅವರ ಹಟ. ಮೂರು ಕಂಪ್ಯೂಟರಿಗೆ ಇದೆಲ್ಲ ಯಾಕೆ ಎಂದು ಅಮ್ಮಿ ಕೇಳಿದರು. ಕೇಳಿದ್ದು ಸರಿಯೇ. ಆದರೆ ಮೂರರ ಜಾಗದಲ್ಲಿ ಮುನ್ನೂರು ಇದ್ದರೆ ಪ್ರತಿಯೊಂದರಲ್ಲೂ ಕೂತು ಪ್ರತಿಯೊಬ್ಬರ ಹೆಸರು ಟೈಪ್ ಮಾಡಲು ಆಗುವುದಿಲ್ಲ.

1980ರ ದಶಕದಲ್ಲಿ ಈ ತೊಂದರೆಗೆ ಪರಿಹಾರ ಹುಡುಕಿದ್ದು ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ. 1982ರಲ್ಲಿ ಅದನ್ನು ಕಟ್ಟಿದ ನಾಲ್ವರಲ್ಲಿ ಒಬ್ಬರು ನಮ್ಮ ದೇಶದಿಂದ ಹೋದ ವಿನೋದ್ ಖೋಸ್ಲಾ. ಬಳಕೆದಾರರ ಹೆಸರು, ಗುಂಪು, ಕಂಪ್ಯೂಟರ್‌ಗಳ ವಿಳಾಸ ಎಲ್ಲವನ್ನೂ ಒಂದು ಕಡೆ ಇಟ್ಟು ಉಳಿದವರು ಅಲ್ಲಿ ಕೇಳಿ ತಿಳಿದುಕೊಳ್ಳುವ ಏರ್ಪಾಡು ಅದು. ಟೆಲಿಫೋನ್ ಡೈರೆಕ್ಟರಿಯ ಹಳದಿ ಹಾಳೆಗಳ ಹಾಗೆ ಎಂದು ಯೆಲ್ಲೋ ಪೇಜಸ್ ಎಂದು ಹೆಸರಿಟ್ಟರು. ಆ ಹೆಸರು ಬ್ರಿಟನ್ನಿನಲ್ಲಿ ಬ್ರಿಟಿಷ್ ಟೆಲಿಕಾಂ ಕಂಪನಿಯ ಟ್ರೇಡ್‌ಮಾರ್ಕ್ ಆಗಿದ್ದರಿಂದ ಮುಂದೆ ನೆಟ್‌ವರ್ಕ್ ಇನ್ಫರ್ಮೇಶನ್ ಸರ್ವಿಸ್, ಅಂದರೆ ಎನ್‌ಐಎಸ್, ಎಂದು ಬದಲಿಸಬೇಕಾಯಿತು. ಕಮಾಂಡ್‌ಗಳಲ್ಲಿ ಮಾತ್ರ ವೈ, ಪಿ ಎಂಬ ಎರಡು ಅಕ್ಷರ ಹಾಗೇ ಉಳಿದವು. 2014ರ ನವೆಂಬರ್ 1ಕ್ಕೆ ಗುಲ್ಬರ್ಗಾ ಕಲಬುರಗಿ ಆಯಿತು, ವಿಶ್ವವಿದ್ಯಾಲಯದ ಹೆಸರಿನಲ್ಲಿ ಗುಲ್ಬರ್ಗಾ ಉಳಿಯಿತಲ್ಲ, ಹಾಗೆ.

ಎನ್‌ಐಎಸ್‌ನಲ್ಲಿ ಒಂದು ಕಂಪ್ಯೂಟರ್ ಮುಖ್ಯ ಸರ್ವರ್. ಪಟ್ಟಿಗಳನ್ನು ತಿದ್ದುವುದು ಅಲ್ಲಿ ಮಾತ್ರ. ಅದೊಂದೇ ಇದ್ದರೆ, ಕರೆಂಟ್ ಹೋಗಿ ಅದು ಮಲಗಿದಾಗ ಎಲ್ಲರ ಕೆಲಸ ನಿಲ್ಲುತ್ತದೆ. ನಮ್ಮ ಕಡೆ ಕರೆಂಟಿನ ವಿಷಯ ಯಾರಿಗೂ ಹೇಳಿಕೊಡಬೇಕಿಲ್ಲ. ಅದಕ್ಕೇ ಒಂದೆರಡು ಸಹಾಯಕ ಸರ್ವರ್‌ಗಳಲ್ಲಿ ಪಟ್ಟಿಯ ನಕಲು ಇಡುತ್ತಾರೆ. ಮುಖ್ಯದ್ದು ಮಲಗಿದರೂ ಕೇಳಿದವರಿಗೆ ನಕಲು ಇದ್ದವರು ಉತ್ತರ ಕೊಡುತ್ತಾರೆ. ಹಳೇ ಕೈಪಿಡಿಗಳಲ್ಲಿ ಇವುಗಳನ್ನು ಮಾಸ್ಟರ್, ಸ್ಲೇವ್ ಎಂದು ಕರೆದಿದ್ದಾರೆ. ಸ್ಲೇವ್ ಅಂದರೆ ಗುಲಾಮ. ಯಂತ್ರಕ್ಕೂ ಆ ಹೆಸರು ನನಗೆ ಹಿಡಿಸಲಿಲ್ಲ. ಹೊಸ ಪುಸ್ತಕಗಳು ಪ್ರೈಮರಿ, ಸೆಕೆಂಡರಿ ಎನ್ನುತ್ತವೆ.

ಮುಖ್ಯ ಸರ್ವರ್‌ನಿಂದ ಸಹಾಯಕ ಸರ್ವರ್‌ಗೆ ಪಟ್ಟಿ ತರುವ ಕೆಲಸವೇ ವೈಪಿಎಕ್ಸ್‌ಎಫ್‌ಆರ್‌ನದು. ಅದು ನಡೆಯುವುದು ನಕಲು ಇಟ್ಟುಕೊಂಡ ಯಂತ್ರದಲ್ಲಿ. ಕಮಾಂಡ್‌ನ ಮುಂದೆ ಪಟ್ಟಿಯ ಹೆಸರು ಬರೆದು ಎಂಟರ್ ಒತ್ತಿದರೆ ಅದು ಮೊದಲು ಮುಖ್ಯ ಸರ್ವರ್‌ಗೆ ಒಂದೇ ಪ್ರಶ್ನೆ ಕೇಳುತ್ತದೆ: ನಿನ್ನ ಪಟ್ಟಿ ಯಾವಾಗಿನದು? ಪ್ರತಿ ಪಟ್ಟಿಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಆ ಪಟ್ಟಿ ತಯಾರಾದ ಗಳಿಗೆಯನ್ನು 1970ರ ಜನವರಿ 1ರಿಂದ ಸೆಕೆಂಡುಗಳಲ್ಲಿ ಎಣಿಸಿದ ಸಂಖ್ಯೆ ಅದು. ಮುಖ್ಯ ಸರ್ವರ್‌ನ ಸಂಖ್ಯೆ ತನ್ನದಕ್ಕಿಂತ ದೊಡ್ಡದಾಗಿದ್ದರೆ ಮಾತ್ರ ನಕಲು ಶುರು. ಇಲ್ಲದಿದ್ದರೆ ಹೊಸದೇನಿಲ್ಲ ಎಂದು ಹೇಳಿ ಸುಮ್ಮನಾಗುತ್ತದೆ.

ನಕಲು ಮಾಡುವ ರೀತಿಯೂ ನನಗೆ ಬಹಳ ಇಷ್ಟವಾಯಿತು. ಹಳೇ ಪಟ್ಟಿಯ ಮೇಲೆ ಅದು ಕೈ ಇಡುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಪಟ್ಟಿಯೊಂದನ್ನು ತೆರೆದು ಒಂದೊಂದೇ ಸಾಲು ತಂದು ತುಂಬುತ್ತದೆ. ಪೂರ್ತಿ ಬಂದ ಮೇಲೆ ಹಳೆಯದನ್ನು ತೆಗೆದು ಹೊಸದನ್ನು ಅದರ ಜಾಗದಲ್ಲಿ ಕೂಡಿಸುತ್ತದೆ. ನಡುವೆ ತಂತಿ ಕಿತ್ತರೆ ಹಳೆಯದೇ ಉಳಿಯುತ್ತದೆ. ಭಾಯಿಜಾನ್ ಬೇಕೆಂದೇ ತಂತಿ ಕಿತ್ತು ತೋರಿಸಿದರು. ಅರ್ಧ ಹೊಸದು, ಅರ್ಧ ಹಳೆಯದು ಆದ ಪಟ್ಟಿ ಯಾರ ಕೈಗೂ ಹೋಗಲಿಲ್ಲ. ರೋಲ್ ನಂಬರ್ 40ರವರೆಗೆ ತಿದ್ದಿ, ಬೆಲ್ ಆಯಿತೆಂದು ಅಲ್ಲಿಗೇ ಬಿಟ್ಟ ಹಾಜರಿ ಪುಸ್ತಕ ನೋಡಿದವರಿಗೆ ಇದರ ಬೆಲೆ ಗೊತ್ತು.

ಇದಕ್ಕೆ ಜೋಡಿಯಾಗಿ ವೈಪಿಪುಶ್ ಎಂಬ ಇನ್ನೊಂದು ಕಮಾಂಡ್ ಇದೆ. ಪುಶ್ ಅಂದರೆ ತಳ್ಳುವುದು, ಆದ್ದರಿಂದ ಮುಖ್ಯ ಸರ್ವರ್ ಪಟ್ಟಿಯನ್ನೇ ತಳ್ಳಿ ಕಳಿಸುತ್ತದೆ ಎಂದು ಯಾರಾದರೂ ತಿಳಿಯುತ್ತಾರೆ. ಹಾಗಲ್ಲ. ಅದು "ಹೊಸದು ಬಂದಿದೆ, ಒಯ್ಯಿರಿ" ಎಂದು ಕೂಗುತ್ತದೆ ಅಷ್ಟೇ. ಕೂಗು ಕೇಳಿದ ಸಹಾಯಕ ಸರ್ವರ್‌ಗಳು ತಾವೇ ವೈಪಿಎಕ್ಸ್‌ಎಫ್‌ಆರ್ ಓಡಿಸಿ ತಂದುಕೊಂಡು, ತಂದದ್ದಾಯಿತು ಎಂದು ಉತ್ತರ ಹೇಳುತ್ತವೆ. ಕೂಗಿದ ಹೊತ್ತಿಗೆ ಒಂದು ಸರ್ವರ್ ಬಂದ್ ಆಗಿದ್ದರೆ? ಅದಕ್ಕೂ ದಾರಿ ಇದೆ. ಪಾಸ್‌ವರ್ಡ್‌ನಂತಹ ಬೇಗ ಬದಲಾಗುವ ಪಟ್ಟಿಗಳನ್ನು ಗಂಟೆಗೊಮ್ಮೆ, ಉಳಿದವನ್ನು ದಿನಕ್ಕೊಮ್ಮೆ ಎರಡು ಸಲ ತಾನಾಗಿಯೇ ಕೇಳಿ ತರುವಂತೆ ವೇಳಾಪಟ್ಟಿ ಹಾಕಿಡುತ್ತಾರೆ. ಹೇಳುವವರು ಹೇಳಬೇಕು, ಕೇಳುವವರೂ ಆಗಾಗ ಕೇಳುತ್ತಿರಬೇಕು.

ಪ್ರತಿಯೊಂದು ನಕಲಿನ ಒಳಗೂ ಹೆಸರುಗಳ ಜೊತೆಗೆ ಎರಡು ವಿಶೇಷ ಸಾಲು ಅಡಗಿರುತ್ತವೆ. ಒಂದು, ಇದರ ಅಸಲು ಯಾವ ಯಂತ್ರದಲ್ಲಿದೆ ಎಂಬುದು. ಇನ್ನೊಂದು, ಇದು ಕೊನೆಗೆ ಬದಲಾದದ್ದು ಯಾವಾಗ ಎಂಬುದು. ಈ ಎರಡು ಸಾಲು ನಮ್ಮ ಕಾಲೇಜಿನ ಏಳು ಪಟ್ಟಿಗಳಲ್ಲಿ ಒಂದರಲ್ಲೂ ಇಲ್ಲ.

ಇದರಿಂದ ಏನಾಗುತ್ತದೆ ಎಂಬುದು ಉರ್ದು ಮಾತಾಡುವ ಮನೆಗಳಿಗೆ ಹೆಚ್ಚು ಗೊತ್ತು. ನಾಜಿಯಾ ಎಂಬ ಹೆಸರು ತೆಗೆದುಕೊಳ್ಳಿ. ಉರ್ದುವಿನಲ್ಲಿ ಬರೆದರೆ ಗೊಂದಲವಿಲ್ಲ, ಆ ಅಕ್ಷರ ಜೀಮ್ ಅಲ್ಲ, ಜ಼ೇ. ಕನ್ನಡಕ್ಕೆ ಬಂದಾಗ ಎರಡಕ್ಕೂ ಜ ಒಂದೇ. ಕನ್ನಡದಿಂದ ಇಂಗ್ಲಿಷಿಗೆ ಹೋಗುವಾಗ ಒಬ್ಬರು ಜೆ ಹಾಕುತ್ತಾರೆ, ಒಬ್ಬರು ಜಡ್ ಹಾಕುತ್ತಾರೆ. ಕೊನೆಯಲ್ಲಿ ವೈ ಬೇಕೋ ಬೇಡವೋ ಎಂಬುದು ಬೇರೆ. ಒಂದು ಹುಡುಗಿಗೆ ನಾಲ್ಕು ಹೆಸರಾಯಿತು, ನಾಲ್ಕೂ ಸರಿಯೇ. ಶೇಖ್, ಶೇಕ್, ಶೈಖ್, ಗೌಸ್, ಘೌಸ್, ಫಾತಿಮಾ, ಪಾತಿಮಾ. ಜೇವರ್ಗಿಯನ್ನೇ ಇಂಗ್ಲಿಷಿನಲ್ಲಿ ಎರಡು ಬಗೆಯಲ್ಲಿ ಬರೆಯುತ್ತಾರೆ, ಅಫಜಲಪುರವನ್ನು ಎಷ್ಟು ಬಗೆಯಲ್ಲಿ ಬರೆಯುತ್ತಾರೋ ಎಣಿಸಿದವರಿಲ್ಲ. ಊರಿಗೆ ಸ್ಕಾಲರ್‌ಶಿಪ್ ಬರಬೇಕಾಗಿಲ್ಲ, ಅದಕ್ಕೆ ನಡೆದುಹೋಗುತ್ತದೆ.

ನಮ್ಮ ಆಪಾನ ಒಂದು ವರ್ಷದ ಸ್ಕಾಲರ್‌ಶಿಪ್ ನಿಂತದ್ದು ಒಂದು ಅಕ್ಷರಕ್ಕೆ. ಅಂಕಪಟ್ಟಿಯಲ್ಲಿ ಒಂದು ಬಗೆ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಇನ್ನೊಂದು ಬಗೆ. ಒಂದು ಕಚೇರಿಯವರು ಅಲ್ಲಿ ತಿದ್ದಿಸಿಕೊಂಡು ಬಾ ಅಂದರು, ಅಲ್ಲಿಗೆ ಹೋದರೆ ಇಲ್ಲಿಯದೇ ತಪ್ಪು, ನಮ್ಮದು ಸರಿ ಅಂದರು. ಅಬ್ಬಾ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ತೊಗರಿ ಸುಗ್ಗಿಯ ದಿನಗಳಲ್ಲಿ ಆರು ದಿನ ರಜೆ ಹಾಕಿ ತಿರುಗಿದರು. ಆ ಕಚೇರಿಗಳಲ್ಲಿ ಯಾರೂ ಕೆಟ್ಟವರಲ್ಲ. ಪ್ರತಿಯೊಬ್ಬರೂ ತಮ್ಮ ಮುಂದಿದ್ದ ಕಾಗದವೇ ಅಸಲು ಎಂದು ನಂಬಿದ್ದರು. ಅಬ್ಬಾ ಒಂದೇ ಮಾತು ಹೇಳಿದರು: "ಖಿರ್ದಿಯಲ್ಲಿ ಇಲ್ಲದ್ದು ಖತಾವಣಿಯಲ್ಲಿ ಹ್ಯಾಂಗ ಬರ್ತದ?" ಅಂಗಡಿಯಲ್ಲಿ ದಿನದ ವ್ಯವಹಾರ ಮೊದಲು ಖಿರ್ದಿಗೆ, ಅಲ್ಲಿಂದ ಖತಾವಣಿಗೆ. ಗಿರಾಕಿ ಜಗಳಕ್ಕೆ ಬಂದರೆ ಖಿರ್ದಿ ತೆಗೆದು ತೋರಿಸುತ್ತಾರೆ. ನಾವು ಜರ್ನಲ್, ಲೆಡ್ಜರ್ ಎಂದು ಓದುವುದೂ ಅದನ್ನೇ.

ಸರ್ಕಾರಕ್ಕೂ ಇದು ತಿಳಿಯದ್ದೇನಲ್ಲ. ನಮ್ಮ ರಾಜ್ಯದ ಭೂಮಿ ಯೋಜನೆಯನ್ನೇ ನೋಡಿ. ಅದಕ್ಕೆ ಮೊದಲು ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಯಲ್ಲಿದ್ದವು. ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ಮುಂದಾಳತ್ವದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದರು. ಟೈಪ್ ಮಾಡಿದ್ದೇ ದೊಡ್ಡ ಕೆಲಸ ಎಂದು ಎಲ್ಲರೂ ಹೊಗಳುತ್ತಾರೆ. ಅದಕ್ಕಿಂತ ದೊಡ್ಡದು, ಭೂಮಿ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ನಡೆಯುವುದಿಲ್ಲ ಎಂದು ಸಾರಿದ್ದು. ಅಂದರೆ ಅಸಲು ಇಲ್ಲಿದೆ ಎಂದು ಬೆರಳು ಮಾಡಿ ತೋರಿಸಿದ್ದು. ಹಾಗೆ ಸಾರದೆ ಕಂಪ್ಯೂಟರ್ ಮಾತ್ರ ತಂದಿದ್ದರೆ ರೈತನಿಗೆ ಎರಡು ಪಹಣಿ ಆಗುತ್ತಿದ್ದವು. ಇದರಿಂದ ಎಲ್ಲ ಸರಿಹೋಯಿತು ಎಂದಲ್ಲ. ಹಳೇ ಪುಸ್ತಕದಲ್ಲಿದ್ದ ತಪ್ಪುಗಳೂ ಹಾಗೇ ಕಂಪ್ಯೂಟರಿಗೆ ಏರಿದವು. ನಮ್ಮ ಭಾಗದಲ್ಲಿ ನಿಜಾಮರ ಕಾಲದ ಕಂದಾಯ ಕಾಗದಗಳು ಉರ್ದುವಿನಲ್ಲಿವೆ, ಅವನ್ನು ಓದಿ ಹೇಳಲು ಇಂದಿಗೂ ನಮ್ಮ ದಾದಾನಂಥ ಹಿರಿಯರನ್ನು ಹುಡುಕಿಕೊಂಡು ಬರುತ್ತಾರೆ. ಆದರೆ ಈಗ ತಪ್ಪು ಎಲ್ಲಿ ತಿದ್ದಿಸಬೇಕು ಎಂಬುದಾದರೂ ರೈತನಿಗೆ ಗೊತ್ತು.

ಜಾತಿ-ಆದಾಯ ಪ್ರಮಾಣಪತ್ರದಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. ನಾಡಕಚೇರಿಯ ಪ್ರಮಾಣಪತ್ರಕ್ಕೆ ಒಂದು ಆರ್‌ಡಿ ನಂಬರ್ ಇರುತ್ತದೆ. ಎಸ್‌ಎಸ್‌ಪಿ ಸ್ಕಾಲರ್‌ಶಿಪ್ ಅರ್ಜಿಯಲ್ಲಿ ಆ ನಂಬರ್ ಹಾಕಿದರೆ ವಿವರ ಅಸಲಿನಿಂದಲೇ ಬರುತ್ತದೆ, ನಾವು ಮತ್ತೆ ಟೈಪ್ ಮಾಡಬೇಕಾಗಿಲ್ಲ. ಟೈಪ್ ಮಾಡದ ಕಡೆ ಅಕ್ಷರ ತಪ್ಪುವುದಿಲ್ಲ.

ಈಗ ನನ್ನ ವಾದಕ್ಕೆ ಎದುರಾಗಿ ಬರುವ ಮಾತು. ಇದನ್ನು ಹೇಳಿದವರು ನಮ್ಮ ಲೆಕ್ಕಶಾಸ್ತ್ರದ ಸರ್ ಒಬ್ಬರೇ, ಆದ್ದರಿಂದ ಹಗುರವಾಗಿ ತಳ್ಳಿಹಾಕುವಂತಿಲ್ಲ. ಏಳು ಪಟ್ಟಿ ಇದ್ದರೆ ಒಳ್ಳೆಯದೇ ಅಲ್ಲವೇ, ಒಂದನ್ನೊಂದು ತಾಳೆ ನೋಡಿ ತಪ್ಪು ಹಿಡಿಯಬಹುದು, ಜೋಡಿ ನಮೂದು ಪದ್ಧತಿಯ ಗುಟ್ಟೇ ಅದು ಎಂದರು. ನನ್ನ ಉತ್ತರ ಇಷ್ಟು. ಜೋಡಿ ನಮೂದಿನಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ಒಂದೇ ವ್ಯವಹಾರದ ಎರಡು ಮುಖಗಳು. ನಗದು ಹೋದದ್ದು ಒಂದು, ಸರಕು ಬಂದದ್ದು ಇನ್ನೊಂದು. ಒಂದು ಇನ್ನೊಂದರ ನಕಲಲ್ಲ. ನಮ್ಮ ಏಳು ಪಟ್ಟಿಗಳು ಒಂದನ್ನು ನೋಡಿ ಒಂದು ಬರೆದವು. ಮೊದಲನೆಯದರಲ್ಲಿ ಹೆಸರೇ ಬಿಟ್ಟುಹೋಗಿದ್ದರೆ ಏಳರಲ್ಲೂ ಬಿಟ್ಟುಹೋಗುತ್ತದೆ, ತಾಳೆ ಚೆನ್ನಾಗಿಯೇ ಆಗುತ್ತದೆ. ಪೂರ್ತಿ ಬಿಟ್ಟುಹೋದ ವ್ಯವಹಾರವನ್ನು ತಾಳೆಪಟ್ಟಿ ಹಿಡಿಯುವುದಿಲ್ಲ ಎಂದು ಸರ್ ಅವರೇ ಪಾಠ ಮಾಡಿದ್ದಾರೆ.

ಆದರೂ ಅವರ ಮಾತಿನಲ್ಲಿ ಒಂದು ಎಚ್ಚರಿಕೆ ಇದೆ, ಅದನ್ನು ಒಪ್ಪುತ್ತೇನೆ. ಅಸಲು ಒಂದೇ ಆದರೆ ಅದನ್ನು ಕೆಡಿಸಿದವನು ಎಲ್ಲವನ್ನೂ ಕೆಡಿಸಿದ ಹಾಗೆ. ವೈಪಿಎಕ್ಸ್‌ಎಫ್‌ಆರ್ ಪಟ್ಟಿ ಹೊಸದೋ ಎಂದು ಕೇಳುತ್ತದೆ, ಸರಿಯೋ ಎಂದು ಕೇಳುವುದಿಲ್ಲ. ನಮ್ಮ ಮೂರು ಕಂಪ್ಯೂಟರ್‌ಗಳಲ್ಲಿ ಮುಖ್ಯವಾದದ್ದರ ಒಳಗಿನ ಸಣ್ಣ ಬ್ಯಾಟರಿ ಸತ್ತು, ಕರೆಂಟ್ ಹೋಗಿ ಬಂದಾಗ ಅದರ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಯಿತು. ಆಮೇಲೆ ಅಲ್ಲಿ ಸೇರಿಸಿದ ಹೊಸ ಹೆಸರು ಬೇರೆಡೆ ಬರಲೇ ಇಲ್ಲ. ಮುಖ್ಯದ್ದರ ತಾರೀಖು ಹಳೆಯದು, ಆದ್ದರಿಂದ ಹೊಸದೇನಿಲ್ಲ ಎಂದು ನಕಲಿನ ಯಂತ್ರಗಳು ಸುಮ್ಮನಿದ್ದವು. ಕಮಾಂಡ್‌ಗೆ ಮೈನಸ್ ಎಫ್ ಸೇರಿಸಿ, ತಾರೀಖು ನೋಡದೆ ತಾ ಎಂದು ಹೇಳಿದ ಮೇಲೆ ಬಂತು.

ಆಳಂದದವರಿಗೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಕಾಗಿಲ್ಲ. 2023ರ ವಿಧಾನಸಭಾ ಚುನಾವಣೆಗೆ ಮೊದಲು ಆಳಂದ ಕ್ಷೇತ್ರದ ಮತದಾರರ ಪಟ್ಟಿಯಿಂದ ಹೆಸರು ತೆಗೆಯಿರಿ ಎಂದು ಆನ್‌ಲೈನಿನಲ್ಲಿ 6,018 ಅರ್ಜಿಗಳು ಬಂದವು. ಒಂದೊಂದನ್ನೂ ಪರಿಶೀಲಿಸಿದಾಗ ಸರಿಯಾದವು 24, ಉಳಿದ 5,994 ಸರಿಯಲ್ಲ ಎಂದು ಚುನಾವಣಾ ಅಧಿಕಾರಿಗಳೇ ತಿಳಿಸಿದರು. 2023ರ ಫೆಬ್ರುವರಿಯಲ್ಲಿ ಆಳಂದ ಠಾಣೆಯಲ್ಲಿ ಎಫ್‌ಐಆರ್ ಆಯಿತು. ಮಾಡಿದವರು ಯಾರು ಎಂಬುದು ತನಿಖೆಯವರ ಕೆಲಸ, ಈ ಪುಟದ್ದಲ್ಲ. ನಾನು ಹೇಳುವುದು ಪಟ್ಟಿಯ ಮಾತು. ಆ ಅರ್ಜಿಗಳೆಲ್ಲ ಹಾಗೇ ಒಳಗೆ ಹೋಗಿದ್ದರೆ ಅಸಲು ಪಟ್ಟಿಯಿಂದ ಹೆಸರು ಹೋಗುತ್ತಿದ್ದವು, ಮತಗಟ್ಟೆಗೆ ಹೋಗುವ ಪ್ರತಿಯೊಂದು ಪ್ರತಿಯಲ್ಲೂ ಬಹಳ ನಿಯತ್ತಿನಿಂದ ಅದೇ ನಕಲಾಗುತ್ತಿತ್ತು. ತಡೆದದ್ದು ಕಂಪ್ಯೂಟರ್ ಅಲ್ಲ, ಇವರು ನಿಜವಾಗಿ ಊರು ಬಿಟ್ಟಿದ್ದಾರೆಯೇ ಎಂದು ಒಂದೊಂದಾಗಿ ವಿಚಾರಿಸಿದ ಮನುಷ್ಯರು.

ಆದ್ದರಿಂದ ಅಸಲಿನ ಬಾಗಿಲಲ್ಲಿ ಒಬ್ಬರು ಕೂತಿರಬೇಕು, ಯಾರ ಹೆಸರು ಬದಲಾಗುತ್ತದೋ ಅವರ ಸಹಿ ಇಲ್ಲದೆ ಬದಲಾಗಬಾರದು.

ಎನ್‌ಐಎಸ್ ಹಾಕಿಸಿ ಎಂದು ನಾನು ಕಾಲೇಜಿಗೆ ಹೇಳುತ್ತಿಲ್ಲ. ಅದರ ಕಾಲ ಮುಗಿಯಿತು. ಗೂಢಲಿಪಿಯಲ್ಲಿರುವ ಪಾಸ್‌ವರ್ಡ್‌ಗಳನ್ನು ನೆಟ್‌ವರ್ಕಿನಲ್ಲಿ ಯಾರು ಕೇಳಿದರೂ ಕೊಟ್ಟುಬಿಡುವ ದೋಷ ಅದಕ್ಕಿತ್ತು, ಒಂದು ಹೆಸರು ಬದಲಾದರೂ ಪಟ್ಟಿ ಪೂರ್ತಿ ಹೊರಬೇಕಿತ್ತು. ರೆಡ್ ಹ್ಯಾಟ್ ಕಂಪನಿ 2022ರಲ್ಲಿ ತಂದ ತನ್ನ ಲಿನಕ್ಸ್‌ನ 9ನೇ ಆವೃತ್ತಿಯಿಂದ ಅದನ್ನು ಕೈಬಿಟ್ಟಿತು. ಸನ್ ಕಂಪನಿಯೂ 2010ರಲ್ಲಿ ಒರಾಕಲ್‌ನ ಪಾಲಾಯಿತು. ನನಗೆ ಬೇಕಾದದ್ದು ಆ ಎರಡು ಸಾಲು ಮಾತ್ರ.

ದಾಖಲಾತಿ ರಿಜಿಸ್ಟರೇ ಅಸಲು ಎಂದು ಪ್ರಾಂಶುಪಾಲರು ಒಂದು ನೋಟಿಸ್ ಹಾಕಲಿ. ಸೇರುವ ದಿನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ನೋಡಿ ಅಕ್ಷರ ಅಕ್ಷರ ಬರೆದು, ವಿದ್ಯಾರ್ಥಿಯೂ ಪಾಲಕರೂ ಓದಿ ಸಹಿ ಹಾಕಲಿ. ಕನ್ನಡ ಓದಲು ಬಾರದ ಪಾಲಕರಿಗೆ ಓದಿ ಹೇಳಲಿ, ಉರ್ದುವಿನಲ್ಲಿ ಹೇಳಿದರೂ ಆಯಿತು. ಉಳಿದ ಆರು ಪಟ್ಟಿಗಳ ಮೇಲೆ ಒಂದು ರಬ್ಬರ್ ಸೀಲು ಬೀಳಲಿ: "ಅಸಲು ದಾಖಲಾತಿ ರಿಜಿಸ್ಟರಿನಲ್ಲಿದೆ. ನಕಲು ಮಾಡಿದ ದಿನಾಂಕ", ಮುಂದೆ ಖಾಲಿ ಜಾಗ. ಅಸಲಿನಲ್ಲಿ ಏನಾದರೂ ತಿದ್ದಿದ ದಿನ ಆಫೀಸಿನವರು ಲೈಬ್ರರಿಗೆ, ಹಾಸ್ಟೆಲಿಗೆ, ಕ್ಲಾಸ್ ಟೀಚರಿಗೆ ಒಂದು ಚೀಟಿ ಕಳಿಸಲಿ. ಚೀಟಿ ಮುಟ್ಟದಿದ್ದರೂ ತಿಂಗಳ ಮೊದಲ ಶನಿವಾರ ಅವರೇ ಬಂದು ಅಸಲಿನ ತಾರೀಖು ನೋಡಿಕೊಂಡು ಹೋಗಲಿ.

ಇದರಲ್ಲಿ ಅವಸರದ್ದು ಒಂದಿದೆ. ದ್ವಿತೀಯ ಪಿಯುಸಿ ಪರೀಕ್ಷಾ ನೋಂದಣಿಯಲ್ಲಿ ಹೋದ ಹೆಸರೇ ಅಂಕಪಟ್ಟಿಯಲ್ಲಿ ಅಚ್ಚಾಗಿ ಬರುತ್ತದೆ. ಅಲ್ಲಿಂದ ಡಿಗ್ರಿಗೆ, 371ಜೆ ಅರ್ಹತಾ ಪ್ರಮಾಣಪತ್ರ ಹಚ್ಚಿ ಹಾಕುವ ಅರ್ಜಿಗಳಿಗೆ, ನೌಕರಿಗೆ. ಬೋರ್ಡಿಗೆ ಹೋದ ಮೇಲೆ ತಿದ್ದುಪಡಿಗೆ ಅರ್ಜಿ, ಶುಲ್ಕ, ಅಲೆದಾಟ. ಹೋಗುವ ಮೊದಲು ತಿದ್ದಲು ಒಂದು ಪೆನ್ನು ಸಾಕು. ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಹಳ್ಳಿಗಳಿಂದ ಬಸ್ಸು ಹಿಡಿದು ಬರುವವರು, ನಿಮ್ಮ ಅಂಕಪಟ್ಟಿಯ ಜೆರಾಕ್ಸ್ ಒಂದನ್ನು ಈ ವಾರ ಬ್ಯಾಗಿನಲ್ಲಿ ಇಟ್ಟುಕೊಂಡು ಬನ್ನಿ. ವಾಣಿಜ್ಯ ವಿಭಾಗದ ನಾವು ನಾಲ್ವರು ಮಧ್ಯಾಹ್ನದ ಬಿಡುವಿನಲ್ಲಿ ಲೈಬ್ರರಿಯ ಕಿಟಕಿ ಪಕ್ಕದ ಮೇಜಿನ ಹತ್ತಿರ ಕೂತಿರುತ್ತೇವೆ. ನೋಂದಣಿಯ ಕರಡು ಪ್ರತಿ ಆಫೀಸಿನಿಂದ ತಂದಿಟ್ಟುಕೊಳ್ಳಲು ಪ್ರಾಂಶುಪಾಲರನ್ನು ಕೇಳಿದ್ದೇವೆ.